ಹುಳದ ಮನೆಯ ಕರಾಟೆ

ಮೊನ್ನೆ ಚನ್ನಪಟ್ಟಣದ ಬಟ್ಟೆ ಅಂಗಡಿಯಲ್ಲಿ ಅಂಗಡಿಯವರು ಬಿಳಿ ಡ್ರಿಲ್ ಬಟ್ಟೆಯ ಥಾನನ್ನು ಮೇಜಿನ ಮೇಲೆ ದಬದಬನೆ ಉರುಳಿಸಿದರು. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಂತು. ನೀವಾಗಿದ್ದರೆ ಶಾಲೆಯ ಯೂನಿಫಾರ್ಮೋ ಡಾಕ್ಟರ ಕೋಟೋ ನೆನಪಾಗುತ್ತಿತ್ತು. ನನಗೆ ಮಾತ್ರ ಆ ವಾಸನೆಯ ಬೆನ್ನಿಗೇ ಒಂದು ಶಬ್ದ ಕೇಳಿಸುತ್ತದೆ: ಪರ್ರ್! ಪ್ಯಾಂಟು ಹರಿದ ಶಬ್ದ. ಅದೂ ನಾನೇ ಹೊಲಿದ ಪ್ಯಾಂಟು, ಇಪ್ಪತ್ತು ಜನರ ಎದುರಿಗೆ.

ಗಾಬರಿಯಾಗಬೇಡಿ, ಅದರೊಳಗೆ ಇದ್ದವಳು ನಾನಲ್ಲ.

ನಾನು ಹೊಂಗನೂರಿನಲ್ಲಿ ಟೈಲರಿಂಗ್ ಮಾಡುವವಳು. ರವಿಕೆ, ಲಂಗ, ಮಕ್ಕಳ ಯೂನಿಫಾರ್ಮು ಹೊಲಿದು ಹೊಲಿದು ಇಪ್ಪತ್ತೈದು ವರ್ಷ ಸವೆಸಿದ್ದೇನೆ. ಊರಿನಲ್ಲಿ ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ಅವರ ಮನೆಯವರಿಗಿಂತ ಮೊದಲು ನನ್ನ ಟೇಪಿಗೆ ಗೊತ್ತಾಗುತ್ತದೆ. ನಮ್ಮಜ್ಜಿ ಹೇಳುತ್ತಿದ್ದರು, "ಬಟ್ಟೆ ಹರಿದ ಕಡೆ ಸೂಜಿ ಹಾಕು ಮಗ, ಮಾತು ಹರಿದ ಕಡೆ ಬಾಯಿ ಹಾಕ್ಬ್ಯಾಡ." ಮೊದಲರ್ಧ ಪಾಲಿಸಿ ಹೊಟ್ಟೆ ಹೊರೆದೆ. ಎರಡನೆಯದು ನನ್ನಿಂದ ಇವತ್ತಿನವರೆಗೂ ಆಗಿಲ್ಲ.

ಹರಿದ ಪ್ಯಾಂಟು ನಯಾಜ್ ಮಾಸ್ಟ್ರದು. ಅವರು ಬೆಳಗಿನ ಪಾಳಿಯಲ್ಲಿ ನಮ್ಮೂರಿನ ಬಸ್ಸಿಗೆ ಕಂಡಕ್ಟರು, ಸಂಜೆ ಕರಾಟೆ ಮೇಷ್ಟ್ರು. ಪೇಟೆಯಲ್ಲಿ ಕರಾಟೆ ಬಟ್ಟೆ ದುಬಾರಿ ಎಂದು ನನ್ನ ಬಳಿ ಬಂದರು. ಬಿಳಿ ಪೈಜಾಮ, ಬಿಳಿ ಅಂಗಿ, ಇದರಲ್ಲೇನಿದೆ ಮಹಾ ಎಂದುಕೊಂಡು ನೀಟಾಗಿ, ಮೈಗೆ ಕೂರುವಂತೆ ಹೊಲಿದುಕೊಟ್ಟೆ. ಮಾರನೆಯ ಸಂಜೆ ಮಕ್ಕಳಿಗೆ ತೋರಿಸಲು ಒಂದು ಒದೆ ಒದ್ದರಂತೆ. ಒದೆ ಮೇಲಕ್ಕೆ ಹೋಯಿತು, ಪ್ಯಾಂಟು ಎರಡಾಯಿತು. ಟವಲ್ಲು ಸುತ್ತಿಕೊಂಡು ಸೀದಾ ನನ್ನ ಅಂಗಡಿಗೆ ಬಂದರು.

"ಅಕ್ಕಾ, ಇದು ಮದುವೆಗೆ ಹಾಕ್ಕೊಂಡು ಕೂತ್ಕೊಳ್ಳೋ ಪೈಜಾಮ ಅಲ್ಲ. ನೀವೇ ಬಂದು ನೋಡಿ, ಕಾಲು ಎಷ್ಟು ದೂರ ಹೋಗ್ತದೆ ಅಂತ."

ಹೋಗಿ ನೋಡಿದೆ. ಗೊತ್ತಾಗಲಿಲ್ಲ. "ನೋಡಿದ್ರೆ ಗೊತ್ತಾಗಲ್ಲ, ಒದ್ದು ನೋಡಿ" ಎಂದರು. ಸೀರೆ ಎತ್ತಿಕಟ್ಟಿ ಒದ್ದೆ, ಗೋಡೆಗೆ ಆತುಕೊಂಡು ಬಿದ್ದೆ. ಆದರೆ ಎರಡು ಕಾಲು ಸೇರುವ ಕಡೆ ಒಂದು ಚೌಕದ ತುಂಡು ಸೇರಿಸಬೇಕೆಂಬ ಜ್ಞಾನ ಬೀಳುವಾಗಲೇ ಹೊಳೆಯಿತು. ಹೀಗೆ, ನಲವತ್ತೇಳನೆಯ ವಯಸ್ಸಿನಲ್ಲಿ, ಕಾಲು ಎಷ್ಟು ದೂರ ಹೋಗುತ್ತದೆಂದು ತಿಳಿಯಲು ಹೋದವಳು ಅಲ್ಲೇ ಬಿಳಿ ಬೆಲ್ಟು ಕಟ್ಟಿಕೊಂಡು ನಿಂತುಬಿಟ್ಟೆ. ನನ್ನ ಎಡಕ್ಕೆ ಎರಡನೇ ಕ್ಲಾಸಿನ ಮಗು, ಬಲಕ್ಕೆ ಮೂರನೇ ಕ್ಲಾಸಿನದು. ಮಾಸ್ಟ್ರಿಗೆ ಬಸ್ಸಿನ ನಾಲಗೆ ಸಂಜೆಯೂ ಇಳಿಯುತ್ತಿರಲಿಲ್ಲ. "ಒಳಕ್ಕೆ ಹೋಗಿ, ಒಳಕ್ಕೆ ಹೋಗಿ, ಹಿಂದೆ ಖಾಲಿ ಐತೆ" ಎಂದು ಸಾಲು ಮಾಡಿಸಿ, "ರೈಟ್!" ಎಂದರೆ ನಾವು ಗುದ್ದಬೇಕು, "ಹೋಲ್ಡಾನ್!" ಎಂದರೆ ನಿಲ್ಲಬೇಕು.

ನಾವು ಕಲಿಯುತ್ತಿದ್ದ ಜಾಗದ ಬಗ್ಗೆ ಹೇಳದಿದ್ದರೆ ನಿಮಗೆ ಮುಂದಿನದು ಅರ್ಥವಾಗುವುದಿಲ್ಲ. ಅದು ಪುಟ್ಟತಾಯಮ್ಮನವರ ಹಳೆಯ ಹುಳದ ಮನೆ. ರೇಷ್ಮೆ ಹುಳ ಸಾಕಲೆಂದೇ ಕಟ್ಟಿಸಿದ ಉದ್ದನೆಯ ಹೆಂಚಿನ ಮನೆ. ಪಕ್ಕದಲ್ಲೇ ಹೊಸದೊಂದು ಹುಳದ ಮನೆ ಎದ್ದ ಮೇಲೆ ಇದು ಬರಿದಾಗಿತ್ತು. ಎರಡರ ನಡುವೆ ಒಂದು ಗಾಡಿ ಹೋಗುವಷ್ಟು ಓಣಿ. ಹೊಸ ಮನೆಯ ಕಿಟಕಿಗಳೆಲ್ಲ ನಮ್ಮ ಕಡೆಗೇ ತೆರೆಯುತ್ತಿದ್ದವು. ಪುಟ್ಟತಾಯಮ್ಮ ಜಾಗ ಬಿಟ್ಟಿ ಕೊಟ್ಟರು, ಕಾನೂನು ಮಾತ್ರ ಬಿಟ್ಟಿಯಾಗಿರಲಿಲ್ಲ.

"ಬ್ಲೀಚಿಂಗ್ ನೀರ್‌ನಾಗೆ ಕಾಲ್ ಅದ್ದಿ ಒಳೀಕ್ ಬರ್ಬೇಕು. ಪೌಡ್ರು, ಸೆಂಟು, ನೋವಿನ ಮುಲಾಮು ಬಳ್ಕೊಂಡು ಈ ಓಣಿ ತುಳೀಬ್ಯಾಡಿ. ಇನ್ನೊಂದು ಮಾತು ಕಣಪ್ಪ ನಯಾಜು, ಹುಳ ಜ್ವರಕ್ ಕೂತಾಗ ಯಾರೂ ಉಸ್ರು ಬುಡಂಗಿಲ್ಲ."

ಜ್ವರವೆಂದರೆ ಕಾಯಿಲೆಯಲ್ಲ. ಹುಳ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಹಳೆಯ ಚರ್ಮ ಕಳಚುವವರೆಗೂ ಮುನಿಯ ಹಾಗೆ ಕೂರುತ್ತದಲ್ಲ, ಅದು. ಆಗ ಸದ್ದಾದರೆ ಹುಳ ಬೆಚ್ಚುತ್ತದೆ, ಬೆಚ್ಚಿದ ಹುಳ ಗೂಡು ಸರಿಯಾಗಿ ಕಟ್ಟುವುದಿಲ್ಲ ಎಂಬುದು ಪುಟ್ಟತಾಯಮ್ಮನ ನಂಬಿಕೆ. ನಿಜವೋ ಸುಳ್ಳೋ ಹುಳವನ್ನೇ ಕೇಳಬೇಕು. ಯಾವ ಸಂಜೆ ಜ್ವರವೋ ನಮಗೆ ತಿಳಿಯದು, ಹಾಗಾಗಿ ಎಲ್ಲ ಸಂಜೆಯೂ ಸದ್ದಿಲ್ಲ. ಕರಾಟೆಯಲ್ಲಾದರೋ ಏಟಿನ ಜೊತೆಗೆ ಹೊಟ್ಟೆಯ ಆಳದಿಂದ ಒಂದು ಕೂಗು ಬರಬೇಕು. ಕೂಗದಿದ್ದರೆ ಏಟು ಅರ್ಧ. ಮಾಸ್ಟ್ರು ತಲೆ ಕೆರೆದುಕೊಂಡು ಒಂದು ಉಪಾಯ ಮಾಡಿದರು: ಬಾಯಿ ಪೂರ್ತಿ ತೆರೆಯುವುದು, ಹೊಟ್ಟೆ ಬಿಗಿಯುವುದು, ಸದ್ದು ಮಾತ್ರ ನುಂಗುವುದು. ಇಪ್ಪತ್ತು ಜನ ಒಟ್ಟಿಗೆ ಗುದ್ದಿ, ಒಟ್ಟಿಗೆ ಬಾಯಿ ಕಳೆದು, "ಹ" ಎಂದು ಬರಿಯ ಗಾಳಿ ಬಿಡುವುದನ್ನು ನೀವು ನೋಡಬೇಕಿತ್ತು. ಕೆರೆಯಿಂದ ಮೇಲೆ ತೆಗೆದ ಮೀನುಗಳ ಶಿಸ್ತಿನ ಪಡೆ.

ಈ ಮೀನುಗಳಲ್ಲೆಲ್ಲ ಚುರುಕು ಸವಿತಾ, ಪುಟ್ಟತಾಯಮ್ಮನ ಸೊಸೆ. ಮಗಳನ್ನು ಕರೆತಂದು ಬಿಡಲು ಬಂದವಳು, ಬಾಗಿಲಲ್ಲಿ ನಿಂತು ನೋಡುತ್ತಲೇ ಅರ್ಧ ಕಲಿತುಬಿಟ್ಟಿದ್ದಳು. ಗಂಡ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಕ್ಕಿದ್ದ. ಮನೆ, ಹಿಪ್ಪುನೇರಳೆ ತೋಟ, ಹುಳ ಎಲ್ಲ ಅತ್ತೆ ಸೊಸೆಯರ ಹೆಗಲಿನ ಮೇಲೆ. ತೋಟದಿಂದ ಸೊಪ್ಪಿನ ಹೊರೆ ಹೊತ್ತು ತಂದು ಹಾಕಿ, ಕೈಕಾಲು ತೊಳೆದು, ಐದೇ ನಿಮಿಷದಲ್ಲಿ ಬಿಳಿ ಬಟ್ಟೆಯಲ್ಲಿ ಬಂದು ನಿಲ್ಲುತ್ತಿದ್ದಳು. ಅವಳ ಒದೆಗೆ ಕಿಟಕಿಯ ಸರಳು ಗಡಗಡ ಎನ್ನುತ್ತಿತ್ತು. ದನಿ ಮಾತ್ರ ನೆಲ ನೋಡುತ್ತಿತ್ತು. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ಆ ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದ್ದನ್ನು ನಾನಂತೂ ಕೇಳಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ನಯಾಜ್ ಮಾಸ್ಟ್ರು ಸಾಲು ಮಾಡಿಸದೆ ಎಲ್ಲರನ್ನೂ ಕೂರಿಸಿದರು. "ನನಗೆ ಕನಕಪುರ ಡಿಪೋಗೆ ವರ್ಗ ಆಗೈತೆ. ಮುಂದಿನ ತಿಂಗಳಿಂದ ಇಲ್ಲಿಗೆ ಬರೋಕಾಗಲ್ಲ."

ನನ್ನ ಬಲಕ್ಕೆ ನಿಲ್ಲುತ್ತಿದ್ದ ಮಗು ಅಳಲು ಶುರು ಮಾಡಿತು. ಅದರ ಕಣ್ಣು ಒರೆಸುವ ನೆಪದಲ್ಲಿ ನಾನೂ ಒರೆಸಿಕೊಂಡೆ.

"ಬ್ಲಾಕ್ ಬೆಲ್ಟ್ ಇದ್ದೋರು ಒಬ್ರು ಇದ್ರೆ ಕ್ಲಬ್ಬು ನಡೀತದೆ, ಇಲ್ದಿದ್ರೆ ಮುಚ್ಚಬೇಕು" ಎಂದು ಸವಿತಾಳ ಕಡೆ ತಿರುಗಿದರು. "ಇನ್ನು ಮೂರು ವಾರಕ್ಕೆ, ಭಾನುವಾರ, ರಾಮನಗರದಲ್ಲಿ ಪರೀಕ್ಷೆ ಐತೆ. ನಿನ್ನ ಹೆಸ್ರು ಕೊಟ್ಟಿದೀನಿ. ಇದು ಬಿಟ್ರೆ ಮುಂದಿನ ವರ್ಷವೇ."

ಸವಿತಾ ಅತ್ತೆಯ ಮುಖ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಪುಟ್ಟತಾಯಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. "ಹುಳ ಹಣ್ಣಾಗಾದು ಅದ್ರ ಮುಂದಿನ ಮಂಗ್ಳವಾರ. ಭಾನುವಾರ ತಾನೇ? ಓಗ್ ಬಾ."

ಹುಳ ಹಣ್ಣಾಗುವುದೆಂದರೆ ತಿನ್ನುವುದು ಮುಗಿಸಿ, ಮೈ ಹಳದಿಗೆ ತಿರುಗಿ, ನೂಲು ಬಿಡಲು ಸಿದ್ಧವಾಗುವುದು. ಆ ಹೊತ್ತಿಗೆ ಒಂದೊಂದನ್ನೂ ಕೈಯಲ್ಲಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಡ್ಡಿಯ ಮೇಲೇ ನೂಲು ಸುತ್ತಿಕೊಂಡು ಬೆಳೆ ಹಾಳು. ಆ ದಿನ ಹುಳದ ಮನೆಯವರು ಮಗಳ ಮದುವೆಗೂ ಹೋಗುವುದಿಲ್ಲ.

ಪರೀಕ್ಷೆ ಹತ್ತಿರ ಬಂದಂತೆ ಮಾಸ್ಟ್ರಿಗೆ ಕೂಗಿನ ಚಿಂತೆ ಹತ್ತಿತು. ಪರೀಕ್ಷೆಯಲ್ಲಿ ಮೀನಿನ ಬಾಯಿ ನಡೆಯುವುದಿಲ್ಲವಲ್ಲ. ಪುಟ್ಟತಾಯಮ್ಮನೇ ದಾರಿ ತೋರಿಸಿದರು. ಅಟ್ಟದಿಂದ ಹಳೆಯ ಗೋಣಿತಾಟು ಇಳಿಸಿ, "ಕಿಟಕಿಗೆಲ್ಲ ಇವ್ನ ಬಿಗೀರಿ, ಕೂಗ್ಕಳಿ" ಎಂದರು. ಹೊಸ ಮನೆಯ ಕಿಟಕಿಗಳಿಗೆ ದಬ್ಬಳದಲ್ಲಿ ತಾಟು ಹೊಲಿದು ಕಟ್ಟಿದವಳು ನಾನೇ. ಎಲ್ಲ ಹೊಲಿಗೆಗೂ ನನಗೆ ಹೆಮ್ಮೆ ಇರುತ್ತದೆ, ಅದಕ್ಕೂ ಇತ್ತು. ನಾವೆಲ್ಲ ಎರಡು ವರ್ಷ ನುಂಗಿದ್ದನ್ನು ಕೂಗಿ ಕೂಗಿ ತೀರಿಸಿಕೊಂಡೆವು. ಸವಿತಾ ಮಾತ್ರ ಅತ್ತ ತಾಟಿನ ಕಡೆ ನೋಡಿ, ಮತ್ತೆ "ಹ" ಎಂದು ಗಾಳಿಯನ್ನೇ ಬಿಟ್ಟಳು.

ಶನಿವಾರ ಮಧ್ಯಾಹ್ನ ಅವಳು ನನ್ನ ಅಂಗಡಿಗೆ ಓಡಿಬಂದಳು. "ಅಕ್ಕಾ, ಹುಳ ಈಗ್ಲೇ ಹಣ್ಣಾಯ್ತಾವೆ."

ಹೋದರೆ ಪುಟ್ಟತಾಯಮ್ಮ ಹುಳದ ಮನೆಯ ನಡುವೆ ನಿಂತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಒಳಗೆ ಕಾಲಿಟ್ಟರೆ ಹಂಡೆಯ ಮುಚ್ಚಳ ತೆಗೆದ ಹಾಗೆ ಹಬೆ. ಗೋಣಿತಾಟು ಸದ್ದನ್ನು ತಡೆದಿತ್ತು, ಗಾಳಿಯನ್ನೂ ತಡೆದಿತ್ತು. ಸೆಕೆ ಏರಿದ್ದಕ್ಕೆ ಹುಳ ಗಬಗಬ ತಿಂದು ಎರಡು ದಿನ ಮೊದಲೇ ಹಣ್ಣಾಗಲು ಹೊರಟಿದ್ದವು. ಇವತ್ತು ಅಲ್ಲೊಂದು ಇಲ್ಲೊಂದು. ನಾಳೆ ಭಾನುವಾರ ಬೆಳಿಗ್ಗೆಗೆ ಮನೆ ತುಂಬ.

"ಯಾರೇ ಇಷ್ಟು ಬಿಗ್ಯಾಗಿ ತಾಟು ಕಟ್ಟಿದ್ದು?" ಎಂದರು ಪುಟ್ಟತಾಯಮ್ಮ.

"ತಾಟು ಕೊಟ್ಟೋರು ನೀವಲ್ವಾ?" ಎಂದೆ. ಅಜ್ಜಿಯ ಮಾತಿನ ಎರಡನೆಯ ಅರ್ಧ ನೆನಪಿಗೆ ಬಂದದ್ದು ಆಮೇಲೆ.

ಸವಿತಾ ಸೊಪ್ಪಿನ ಬುಟ್ಟಿ ಎತ್ತಿಕೊಂಡಳು. "ಬುಡಿ ಅತ್ತೆ, ನಾನು ಓಗಾಕಿಲ್ಲ" ಎಂದಳು, ತಗ್ಗಿದ ದನಿಯಲ್ಲೇ. ಎರಡು ವರ್ಷದ ಬೆವರನ್ನು ಒಂದು ವಾಕ್ಯದಲ್ಲಿ ಮಡಚಿಟ್ಟು ತೋಟದ ಕಡೆ ನಡೆದುಬಿಟ್ಟಳು.

ನಾನು ಮಾಸ್ಟ್ರಿಗೆ ಫೋನು ಮಾಡಿದೆ. ಸಂಜೆ ಅವರು ಬಂದು, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ಪುಟ್ಟತಾಯಮ್ಮನ ಮುಂದೆ ನಿಂತರು. "ಅಮ್ಮಾ, ನಾಳೆ ಎಷ್ಟು ಕೈ ಬೇಕು?"

"ಇಪ್ಪತ್ತಾದ್ರೂ ಬೇಕು ಕಣಪ್ಪ. ಈಗ್ ಎಲ್ಲಿಂದ ತರಾದು?"

"ಮುಯ್ಯಾಳು ಕರೀಬೌದಲ್ಲ?"

ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎನ್ನುವ ಮುಯ್ಯಿಯ ಪದ್ಧತಿ ನಮ್ಮ ಕಡೆ ಹಳೆಯದು. ಪುಟ್ಟತಾಯಮ್ಮ ಮಾತ್ರ ಅದಕ್ಕೆ ಕೈ ಹಾಕಿದವರಲ್ಲ. "ನಾನು ಯಾರ ಮುಯ್ಯೀನೂ ತಿಂದೋಳಲ್ಲ. ತಿಂದ್ರೆ ತೀರಿಸ್ಬೇಕು. ತೀರ್ಸಕ್ಕೆ ಈ ಮನೇಲಿ ಇರಾದೇ ನಾಕು ಕೈ."

ಮಾಸ್ಟ್ರು ನಕ್ಕರು. "ನೀವು ಉಲ್ಟಾ ಹೇಳ್ತಿದೀರಮ್ಮ. ಎರಡು ವರ್ಷ ನಿಮ್ಮ ಮನೇಲಿ ಕುಣಿದೋರು ನಾವು. ತೀರಿಸಬೇಕಾಗಿರೋರೂ ನಾವೇ. ಬೆಳಿಗ್ಗೆ ಆರಕ್ಕೆ ಬತ್ತೀವಿ. ಸವಿತಾ ರಾಮನಗರಕ್ಕೆ ಹೋಗ್ಲಿ."

"ಪರೀಕ್ಸೆಗೆ ಮೇಷ್ಟ್ರು ಜೊತೇಲಿ ಇರ್ಬೇಡ್ವೇನಪ್ಪ?"

"ಅಲ್ಲಿ ಕೂತು ನಾನೇನ್ ಮಾಡ್ಲಿ? ಒದಿಯೋಳು ಅವಳು. ಇಲ್ಲಾದ್ರೆ ಎರಡು ಕೈ ಜಾಸ್ತಿ ಆಯ್ತದೆ."

ಬೆಳಿಗ್ಗೆ ಆರಕ್ಕೆ ಓಣಿ ತುಂಬಿತ್ತು. ಕ್ಲಬ್ಬಿನವರು, ಅವರ ಅಪ್ಪ ಅಮ್ಮಂದಿರು, ಒಬ್ಬಿಬ್ಬರು ಅಜ್ಜಿಯರು, ಎಲ್ಲ ಕಾಲು ಅದ್ದಿ ಸಾಲಾಗಿ ನಿಂತಿದ್ದರು. ಮಾಸ್ಟ್ರು "ಒಳಕ್ಕೆ ಹೋಗಿ, ಹಿಂದೆ ಖಾಲಿ ಐತೆ" ಎಂದು ಹುಳದ ತಟ್ಟೆ ತಟ್ಟೆಗೆ ಜನ ಹಂಚುತ್ತಿದ್ದರು. ಪುಟ್ಟತಾಯಮ್ಮ ಒಬ್ಬೊಬ್ಬರ ಕೈ ಹಿಡಿದು, "ಗುದ್ದೋ ಕೈಯಲ್ಲ ಕಣ್ರೋ, ಹೂವ ಬುಡ್ಸೋ ಕೈ" ಎಂದು ತೋರಿಸಿಕೊಡುತ್ತಿದ್ದರು. ಸವಿತಾ ಬಾಗಿಲಲ್ಲಿ ನಿಂತು ಕದಲಲಿಲ್ಲ. ಅತ್ತೆ ತಿರುಗಿ ನೋಡಿ, "ಇನ್ನೂ ಇಲ್ಲೇ ಇದ್ದೀಯಾ? ಬಸ್ ಓದ್ರೆ ನೆಡ್ಕೊಂಡ್ ಓಯ್ತೀಯಾ?" ಎಂದು ಗದರಿದ ಮೇಲೆ ಹೊರಟಳು. ಜೊತೆಗೆ ನಾನು. ನನಗೂ ಹಳದಿ ಬೆಲ್ಟಿನ ಪರೀಕ್ಷೆ ಇತ್ತು.

ಅದರ ಕಥೆ ಚಿಕ್ಕದು. ರಾಮನಗರದ ಒಂದು ಕಲ್ಯಾಣ ಮಂಟಪದಲ್ಲಿ ಪರೀಕ್ಷೆ. ಎಲ್ಲರೂ ಬಲಕ್ಕೆ ತಿರುಗಿದಾಗ ನಾನು ಎಡಕ್ಕೆ ತಿರುಗಿ, ಒಂಬತ್ತು ವರ್ಷದ ಹುಡುಗಿಯ ಮೂಗಿಗೆ ಮೂಗು ತಾಗಿಸಿ ನಿಂತೆ. ಅವಳು ಪಿಸುಗುಟ್ಟಿದಳು, "ಆಂಟಿ, ಆ ಕಡೆ." ಹೇಗೋ ಪಾಸು ಮಾಡಿದರು. ವಯಸ್ಸಿಗೆ ಕೊಟ್ಟ ಮರ್ಯಾದೆ ಎಂದು ಇವತ್ತಿಗೂ ನನ್ನ ಅನುಮಾನ.

ಸವಿತಾಳ ಸರದಿ ಮಧ್ಯಾಹ್ನ ಬಂತು. ಪರೀಕ್ಷಕರು ಬೆಂಗಳೂರಿನಿಂದ ಬಂದ ಹಿರಿಯರು, ಸಣಕಲು ಮೈ, ದಪ್ಪ ಕನ್ನಡಕ. ಅವಳು ನಮಸ್ಕರಿಸಿ ಶುರು ಮಾಡಿದಳು. ಏಟು, ತಡೆ, ಒದೆ, ತಿರುಗುವುದು, ಎಲ್ಲವನ್ನೂ ಒಂದಾದ ಮೇಲೊಂದು ಕ್ರಮವಾಗಿ ಮಾಡಿ ತೋರಿಸಬೇಕು. ನಾನು ಹೊಲಿದ ತೋಳು ಗಾಳಿಯಲ್ಲಿ ಫಟ್ ಫಟ್ ಎನ್ನುತ್ತಿತ್ತು. ಕೂಗಬೇಕಾದ ಕಡೆ ಬಂತು. ಬಾಯಿ ತೆರೆಯಿತು, ಹೊಟ್ಟೆ ಬಿಗಿಯಿತು.

"ಹ."

ಕೊನೆಯಲ್ಲೂ ಅದೇ. "ಹ." ಮಂಟಪದ ಫ್ಯಾನಿನ ಸದ್ದೇ ಅದಕ್ಕಿಂತ ಜೋರಾಗಿತ್ತು.

ಹಿರಿಯರು ಪೆನ್ನು ಕೆಳಗಿಟ್ಟರು. "ಬಹಳ ಚೆನ್ನಾಗಿದೆಯಮ್ಮ. ಆದರೆ ದನಿ ಎಲ್ಲಿ? ದನಿ ಇಲ್ಲದೆ ಪಾಸು ಮಾಡಲಾರೆ. ಇನ್ನೊಂದು ಸಲ ಮಾಡಿ. ಅದೇ ಕೊನೆ."

ಅವಳು ಮತ್ತೆ ನಿಂತಳು. ಅವಳ ಕಣ್ಣು ನನಗೆ ಕಾಣುತ್ತಿತ್ತು. ಅವಳು ರಾಮನಗರದಲ್ಲಿ ಇರಲೇ ಇಲ್ಲ, ಆ ಓಣಿಯಲ್ಲೇ ಇದ್ದಳು. ಮತ್ತೆ ಶುರು ಮಾಡಿದಳು. ಕೂಗುವ ಜಾಗಕ್ಕೆ ಇನ್ನು ಮೂರು ಹೆಜ್ಜೆ, ಎರಡು ಹೆಜ್ಜೆ. ನೋಡುವವರು ಬಾಯಿ ಬಿಡಬಾರದೆಂಬುದು ಅಲ್ಲಿನ ನಿಯಮ. ನಾನು ಎದ್ದು ನಿಂತು ಅರಚಿದೆ:

"ಸವಿತಾ! ಇಲ್ಲಿ ಹುಳ ಇಲ್ಲ ಕಣೇ!"

ಅವಳ ತುಟಿಯ ಮೂಲೆ ಅರ್ಧ ಕ್ಷಣ ನಕ್ಕಿತು. ಆಮೇಲೆ ಬಂತು ನೋಡಿ. ಅದನ್ನು ನಾನು ಅಕ್ಷರದಲ್ಲಿ ಬರೆಯಲಾರೆ. ಹನ್ನೊಂದು ವರ್ಷ ಒಳಗೇ ಇದ್ದದ್ದು ಒಟ್ಟಿಗೆ ಎದ್ದುಬಂದ ಹಾಗಿತ್ತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು ಸೌಟು ಹಿಡಿದೇ ಓಡಿಬಂದರು. ಸಾಲಿನಲ್ಲಿದ್ದ ಮಕ್ಕಳು ನಿಯಮ ಮರೆತು ಚಪ್ಪಾಳೆ ಹೊಡೆದರು. ಕೊನೆಯ ಏಟಿಗೆ ಇನ್ನೊಂದು ಕೂಗು ಬಂತು, ಮೊದಲಿನದಕ್ಕಿಂತ ದೊಡ್ಡದು, ಸಂತೋಷದ್ದು.

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಮೊದಲು ನನ್ನ ಕಡೆ ತಿರುಗಿ, "ನೀವು ಹೊರಗೆ ಹೋಗಿ" ಎಂದರು. ನಾನು ಹೋಗುವಾಗ ಬೆನ್ನ ಹಿಂದೆ ಅವರು ಅವಳಿಗೆ ಹೇಳಿದ್ದು ಕೇಳಿಸಿತು: "ಇನ್ನು ಮೇಲೆ ನೀವು ಕಲಿಸಬಹುದು." ನನ್ನನ್ನು ಅಷ್ಟು ಗೌರವದಿಂದ ಹೊರಗೆ ಹಾಕಿದವರು ಬೇರೆ ಯಾರೂ ಇಲ್ಲ.

ಸಂಜೆ ನಾವು ಊರು ಸೇರುವ ಹೊತ್ತಿಗೆ ಚಂದ್ರಿಕೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿಯಾಗಿತ್ತು. ಒಂದು ತಟ್ಟೆಯಲ್ಲೂ ಹುಳ ಉಳಿದಿರಲಿಲ್ಲ. ಮುಯ್ಯಿಯವರು ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಮಾಸ್ಟ್ರ ಬೆರಳ ತುಂಬ ರೇಷ್ಮೆಯ ಎಳೆ ಅಂಟಿಕೊಂಡಿತ್ತು. ಸವಿತಾ ಕವರಿನಿಂದ ಕಪ್ಪು ಬೆಲ್ಟು ತೆಗೆದು ಅವರ ಮುಂದೆ ಹಿಡಿದಳು. ಅವರು ಮುಟ್ಟಲಿಲ್ಲ, ಎರಡೂ ಕೈಯನ್ನು ಪ್ಯಾಂಟಿಗೆ ಉಜ್ಜಿದರು, ಮತ್ತೆ ಉಜ್ಜಿದರು, ಎಳೆ ಬಿಡಲಿಲ್ಲ. ಕೊನೆಗೆ ಅವಳ ಮುಂದೆ ತಲೆ ಬಾಗಿಸಿದರು. ಅವಳೂ ಬಾಗಿಸಿದಳು.

ಪುಟ್ಟತಾಯಮ್ಮ ಒಳಗಿನಿಂದ ಬಂದರು. "ಆಯ್ತಾ?"

"ಆಯ್ತು ಅತ್ತೆ."

"ಕೂಗಿದ್ಯಂತೆ? ಈಗ್ಲೆ ಊರೆಲ್ಲ ಸುದ್ದಿ." ಸುದ್ದಿ ಹಬ್ಬಿಸಿದವರು ಯಾರೆಂದು ನೀವು ಕೇಳಬೇಡಿ, ನನ್ನ ಫೋನಿನಲ್ಲಿ ಚಾರ್ಜು ಮುಗಿದಿತ್ತು. "ಎಲ್ಲಿ, ನಮ್ಗೂ ಒಸಿ ಕೇಳ್ಸು."

ಸವಿತಾ ಹೊಸ ಮನೆಯ ಕಡೆ ನೋಡಿದಳು. "ಗೂಡು ಕಟ್ತಾವೆ ಅತ್ತೆ."

"ಕಟ್ಲಿ ಬುಡು. ಅವುಕ್ಕೂ ಗೊತ್ತಾಗ್ಲಿ, ಈ ಮನೆ ಸೊಸೆ ದನಿ ಎಂಗೈತೆ ಅಂತ."

ಅವಳು ಓಣಿಯ ನಡುವೆ ನಿಂತು, ಸೀರೆಯಲ್ಲೇ, ಕೂಗಿದಳು. ಆಚೆ ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಎದ್ದು ಉತ್ತರ ಕೊಟ್ಟವು. ಪುಟ್ಟತಾಯಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅದೇ ವಾರ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದ ಅವರ ಗೂಡನ್ನು ಕೈಯಲ್ಲಿ ಹಿಡಿದು ನೋಡಿದವರೆಲ್ಲ ಗಟ್ಟಿಯಾಗಿದೆ ಎಂದರಂತೆ.

ನಾಲ್ಕು ವರ್ಷವಾಯಿತು. ಮಾಸ್ಟ್ರು ಕನಕಪುರದಲ್ಲಿ ಹೊಸ ಕ್ಲಬ್ಬು ಕಟ್ಟಿದ್ದಾರೆ, ಉಯ್ಯಂಬಳ್ಳಿ ಕಡೆಯಿಂದಲೂ ಮಕ್ಕಳು ಬರುತ್ತಾರಂತೆ. ನಮ್ಮಲ್ಲಿ ಈಗ ಸವಿತಾಳದೇ ರಾಜ್ಯ. ನಾಲ್ಕು ಸಾಲು ನಿಲ್ಲುತ್ತವೆ, ಒಂದು ಸಾಲು ಪೂರ್ತಿ ಹೆಂಗಸರೇ. "ನಿಮ್ಮದು ಇದೇನು ಒದೆಯೋ, ರಂಗೋಲಿ ಬಿಡೋದೋ?" ಎಂದು ಅವಳು ನನ್ನನ್ನೇ ಗದರಿಸುತ್ತಾಳೆ, ಬೀದಿಗೆಲ್ಲ ಕೇಳುವ ಹಾಗೆ. ನನಗೆ ಬೇಜಾರಿಲ್ಲ. ಮುಂದಿನ ಪರೀಕ್ಷೆಗೆ ನಾನು ಕಂದು ಬೆಲ್ಟಿಗೆ ನಿಲ್ಲುತ್ತಿದ್ದೇನೆ, ಎಡ ಬಲ ಈಗ ಗೊತ್ತು.

ಮೊನ್ನೆ ಚನ್ನಪಟ್ಟಣದಲ್ಲಿ ಅಂಗಡಿಯವರು ಥಾನಿನಿಂದ ಬಟ್ಟೆ ಅಳೆಯುತ್ತಿರುವಾಗಲೇ ಪುಟ್ಟತಾಯಮ್ಮನ ಫೋನು ಬಂತು.

"ಎಲ್ಲಿದ್ದೀಯೆ? ಚಾಕಿ ಹುಳ ಮಾರೋರು ಬಂದು ಕೂತವ್ರೆ, ಮರಿ ಯಾವತ್ತು ತಂದ್ಕೊಡ್ಲಿ ಅಂತ. ಅವ್ರಿಗೆ ಒಸಿ ಇರಿ ಅಂದಿವ್ನಿ. ಸವಿತಾ ತೋಟದಾಗವ್ಳೆ. ನಿಮ್ ಪರೀಕ್ಸೆ ಯಾವತ್ತು, ಮೊದ್ಲು ಅದ ಏಳು."

ಹೇಳಿದೆ. ಫೋನಿನ ಆಚೆ ಅವರು ಬೆರಳು ಮಡಚುವುದು ನನಗೆ ಕಂಡಂತಾಯಿತು. ಆಮೇಲೆ ಮರಿಹುಳ ಮಾರುವ ಆ ಚಾಕಿಯವರ ಕಡೆ ತಿರುಗಿ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು:

"ಈ ಸಲ ಒಂದ್ ವಾರ ತಡ್ವಾಗಿ ತನ್ನಿ. ನಮ್ ಮನೇಲಿ ಪರೀಕ್ಸೆ ಐತೆ."